ಬಿಂದಿಗೆ ಹಿಡಿದು ಎದುರು ಬಂದವರು

ಶಕುನ, ದೃಷ್ಟಿ, ಗಳಿಗೆ ಇಂಥವನ್ನೆಲ್ಲ ನಾನು ನಂಬುತ್ತಿರಲಿಲ್ಲ. ನಂಬದೆ ಸುಮ್ಮನಿದ್ದರೂ ಆಗುತ್ತಿತ್ತು, ನಂಬುವವರ ಮುಂದೆ ನಿಂತು ಪ್ರಯೋಗ ಮಾಡಿ ತೋರಿಸುವ ಚಟ ಬೇರೆ ಇತ್ತು. ಗಣಿತ ಪರೀಕ್ಷೆಯ ದಿನ ಬೀದಿಯ ಕರಿಬೆಕ್ಕಿಗೆ ಬಿಸ್ಕತ್ತು ಎಸೆದು, ಬೇಕಂತಲೇ ಅಡ್ಡ ದಾಟಿಸಿಕೊಂಡು ಹೋದವಳು ನಾನು. ಮಾರ್ಕು ಕಡಿಮೆ ಬಂತು, ನಿಜ. ಆದರೆ ನಾನು ಓದಿರಲಿಲ್ಲ. ಅದು ಬೆಕ್ಕಿಗೂ ಗೊತ್ತಿತ್ತು.

ಇನ್ನೊಂದು ಮಾತನ್ನೂ ಮೊದಲೇ ಹೇಳಿಬಿಡುತ್ತೇನೆ. ನಾನು ಹೇಳಿದ್ದರಲ್ಲಿ ಅರ್ಧ ಕಳೆದು ಕೇಳಿ ಅಂತ ಅಮ್ಮ ಮನೆಗೆ ಬಂದವರಿಗೆಲ್ಲ ಕಾಫಿಯ ಜೊತೆಗೇ ಹೇಳಿಬಿಡುತ್ತಾಳೆ. ಅದು ನ್ಯಾಯವೇ. ಹಲ್ಲಿಯನ್ನು ಉಡ ಮಾಡಿ, ಉಡವನ್ನು ಮೊಸಳೆ ಮಾಡಿ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಇಲ್ಲೂ ಅಲ್ಲಲ್ಲಿ ಎಳೆದಿದ್ದೇನೆ, ಎಳೆದ ಜಾಗ ನಿಮಗೇ ಗೊತ್ತಾಗುತ್ತದೆ. ಆದರೆ ನಾವು ದೇಶ ಬಿಟ್ಟು ಹೊರಟ ಬೆಳಿಗ್ಗೆ ವಿಜಯವಾಡದ ಭವಾನಿಪುರಂನ ಗಲ್ಲಿಯೊಂದರಲ್ಲಿ ನಡೆದದ್ದನ್ನು ಮಾತ್ರ ಒಂದು ನೂಲಿನಷ್ಟೂ ಎಳೆದಿಲ್ಲ. ಎಳೆಯೋಣ ಅಂತ ಒಂದೆರಡು ಸಲ ನೋಡಿದ್ದೆ. ಅದು ಬಗ್ಗಲಿಲ್ಲ.

ನಾವು ದಾವಣಗೆರೆ ಕಡೆಯವರು. ಅಪ್ಪ ವಿಶಾಖಪಟ್ಟಣದ ಒಂದು ದೊಡ್ಡ ಕಾರ್ಖಾನೆಯಲ್ಲಿ ಇಂಜಿನಿಯರು, ಅಮ್ಮ ಶಿಶುವಿಹಾರದ ಟೀಚರು. ಗಾಜುವಾಕದಲ್ಲಿ ಬಾಡಿಗೆ ಮನೆ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತೆಲುಗು, ಕನಸಿನಲ್ಲಿ ಯಾವುದು ಮೊದಲು ಬಂತೋ ಅದು. ನಮ್ಮ ಬೀದಿಯಲ್ಲಿ ಗಂಡಸರಿಗೆ ಕೇಳುವ ಮೊದಲ ಪ್ರಶ್ನೆ ಹೆಸರಲ್ಲ, ‘ಪರ್ಮನೆಂಟಾ, ಕಾಂಟ್ರಾಕ್ಟಾ’ ಅಂತ. ಅಪ್ಪ ಕಾಂಟ್ರಾಕ್ಟು. ನನಗೆ ಬುದ್ಧಿ ಬಂದಾಗಿನಿಂದ ಈ ವರ್ಷ ಪರ್ಮನೆಂಟ್ ಆಗುತ್ತೆ, ಬರೋ ವರ್ಷ ಆಗುತ್ತೆ ಅಂತ ಕೇಳುತ್ತಾ ಬೆಳೆದೆ. ನನ್ನ ಹಾಲುಹಲ್ಲು ಉದುರಿ ಹೊಸ ಹಲ್ಲು ಪರ್ಮನೆಂಟ್ ಆದರೂ ಅಪ್ಪ ಆಗಲಿಲ್ಲ.

ಇನ್ನು ಮಾಣಿಕ್ಯಮ್ಮ ಗಾರು, ಅಂದರೆ ಮಾಣಿಕ್ಯಮ್ಮನವರು. ಅವರದು ನಮ್ಮ ಎದುರುಮನೆ. ಅವರ ಗಂಡ ಅದೇ ಕಾರ್ಖಾನೆಯಲ್ಲಿ ಕ್ರೇನ್ ನಡೆಸಿ ನಿವೃತ್ತರಾದವರು. ನಾವು ಆ ಬೀದಿಗೆ ಬಂದಾಗ ನಾನಿನ್ನೂ ಅಮ್ಮನ ಸೊಂಟದ ಮೇಲಿದ್ದೆನಂತೆ, ಹಾಗಾಗಿ ಇದು ಕೇಳಿದ್ದು. ಅಪ್ಪ ಕೆಲಸಕ್ಕೆ ಹೊರಟ ಮೊದಲ ದಿನ, ಇಸ್ತ್ರಿ ಅಂಗಿ ಹಾಕಿಕೊಂಡು ಗೇಟು ತೆಗೆದರು. ಎದುರುಮನೆಯಿಂದ ದಪ್ಪನೆಯ ಹೆಂಗಸೊಬ್ಬರು ತುಂಬಿದ ಸ್ಟೀಲು ಬಿಂದಿಗೆ ಹಿಡಿದುಕೊಂಡು, ಎಡಗಾಲಿನ ಚಪ್ಪಲಿ ಸರಬರ ಎಳೆಯುತ್ತ, ನೇರ ಅಪ್ಪನ ಕಡೆಗೇ ನಡೆದು ಬಂದರು. ವಯಸ್ಸಾದವರು ಭಾರ ಹೊತ್ತು ಬರುತ್ತಿದ್ದಾರೆ, ಗಂಡಸಾದವನು ನೋಡುತ್ತಾ ನಿಲ್ಲಬಾರದು ಅಂತ ನಮ್ಮಪ್ಪ ಓಡಿಹೋಗಿ ಬಿಂದಿಗೆಗೆ ಕೈ ಹಾಕಿದರು.

"ಕೊಡಿ ಅಮ್ಮಾ, ನಾನು ಹಿಡ್ಕೋತೀನಿ."

"ವದಿಲೆಯ್ ಬಾಬೂ, ಈ ಬರುವು ನಾದೇ" ಅಂದರು ಆಕೆ. ಬಿಡಪ್ಪಾ, ಈ ಭಾರ ನನ್ನದೇ ಅಂತ. ಅಪ್ಪನಿಗೆ ಆಗ ತೆಲುಗು ಬರುತ್ತಿರಲಿಲ್ಲ. ಪಾಪ, ಸಂಕೋಚ ಪಡುತ್ತಿದ್ದಾರೆ ಅಂದುಕೊಂಡು ಇನ್ನೂ ಜೋರಾಗಿ ಎಳೆದರು. ಬಿಂದಿಗೆಯ ನೀರೆಲ್ಲ ಇಸ್ತ್ರಿ ಅಂಗಿಯ ಮೇಲೆ. ಇಡೀ ಬೀದಿ ಹೊರಗೆ ಬಂದು ನಕ್ಕಿತು. ಆಮೇಲೆ ಯಾರೋ ಹಿಂದಿಯಲ್ಲಿ ಬಿಡಿಸಿ ಹೇಳಿದರಂತೆ, ಆಯಮ್ಮ ನಿಮಗೆ ಎದುರು ಬರುತ್ತಿದ್ದರು ಸ್ವಾಮೀ ಅಂತ. ಆ ಕಡೆ ಅದೊಂದು ಪದ್ಧತಿ. ಮುಖ್ಯವಾದ ಕೆಲಸಕ್ಕೆ ಹೊರಟವರಿಗೆ ಒಳ್ಳೆಯ ಕೈಗುಣದ ಮುತ್ತೈದೆಯೊಬ್ಬರು ಎದುರಾಗಿ ನಡೆದು ಬರಬೇಕು, ಕೈಯಲ್ಲಿ ತುಂಬಿದ ಕೊಡ ಇದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯೂ ಯಾರು ಎದುರು ಬಂದರು ಅಂತ ನೋಡುವುದುಂಟು, ಆದರೆ ಅದು ತಾನಾಗಿ ಆಗುವಂಥದ್ದು. ಇಲ್ಲಿ ಮೊದಲೇ ಹೇಳಿಟ್ಟು ಬರಿಸುತ್ತಾರೆ, ಡಾಕ್ಟರ ಅಪಾಯಿಂಟ್‌ಮೆಂಟಿನ ಹಾಗೆ. ಮಾಣಿಕ್ಯಮ್ಮ ಆ ಬೀದಿಯ ಸ್ಪೆಷಲಿಸ್ಟು. ಹೊಸಬರು ಕೇಳದೇ ಇದ್ದರೂ ಮೊದಲ ದಿನ ಅಲ್ಲವೇ ಅಂತ ತಾವಾಗಿ ಬಂದಿದ್ದರು. ಆಕೆ ಒಳಗೆ ಹೋಗಿ ಮತ್ತೆ ನೀರು ತುಂಬಿಸಿಕೊಂಡು ಬಂದು ಮತ್ತೆ ಎದುರಾದರು. ಅಪ್ಪ ಕೈ ಕಟ್ಟಿಕೊಂಡು, ಒದ್ದೆ ಅಂಗಿಯಲ್ಲೇ ಕೆಲಸಕ್ಕೆ ಹೋದರು.

ಈ ಕಥೆಯನ್ನು ಮಾಣಿಕ್ಯಮ್ಮ ಪ್ರತಿ ಯುಗಾದಿಗೂ ಹೇಳುತ್ತಿದ್ದರು. ಪ್ರತಿ ಸಲ ಬಿಂದಿಗೆಯಲ್ಲಿ ನೀರು ಹೆಚ್ಚಾಗುತ್ತಿತ್ತು. ನಾನು ಐದನೇ ಕ್ಲಾಸಿಗೆ ಬರುವ ಹೊತ್ತಿಗೆ ಅಪ್ಪ ಬೀದಿಯ ತುದಿಯವರೆಗೆ ಈಜಿಕೊಂಡು ಹೋಗಿದ್ದರು. ನನ್ನ ವಿದ್ಯೆಯೆಲ್ಲ ಆಕೆಯಿಂದ ಬಂದದ್ದೇ. ತೆಲುಗು ಕಲಿಸಿದ್ದೂ ಅವರೇ, ಅಮ್ಮ ಶಿಶುವಿಹಾರಕ್ಕೆ ಹೋದಾಗ ತಮ್ಮ ಮಡಿಲಲ್ಲಿ ಕೂರಿಸಿಕೊಂಡು ಬೇಳೆಯ ಪಪ್ಪು ಕಲಸಿದ ಅನ್ನ ತಿನ್ನಿಸಿದ್ದೂ ಅವರೇ. ಬೀದಿಯ ಮಕ್ಕಳ ಪರೀಕ್ಷೆ, ಯಾರದೋ ಇಂಟರ್‌ವ್ಯೂ, ಹೆರಿಗೆಗೆ ಹೊರಟ ಆಟೋ, ಯಾವುದಕ್ಕೂ ಆಕೆಯ ಚಪ್ಪಲಿ ಸದ್ದು ಕೇಳದೆ ಯಾರೂ ಗೇಟು ದಾಟುತ್ತಿರಲಿಲ್ಲ. ನಾನು ಫೇಲಾಗುವ ಮಟ್ಟಕ್ಕೆ ಹೋದದ್ದು ಬೆಕ್ಕಿನ ಪ್ರಯೋಗಕ್ಕೋಸ್ಕರ ಹಿತ್ತಲಿಂದ ಹೊರಟ ಆ ಒಂದೇ ದಿನ ಅಂತ ಆಕೆ ಊರಿಗೆಲ್ಲ ಸಾರಿದ್ದರು.

ಆಮೇಲೆ ಆಕೆಯ ಗಂಡ ತೀರಿಕೊಂಡರು.

ಯಾರೂ ಏನೂ ಅನ್ನಲಿಲ್ಲ. ಅದೇ ವಿಚಿತ್ರ. ಎಲ್ಲರೂ ಮೊದಲಿನಷ್ಟೇ ಪ್ರೀತಿಯಿಂದ ಮಾತಾಡುತ್ತಿದ್ದರು, ಹಬ್ಬಕ್ಕೆ ಪುಳಿಹೋರ ಕಳಿಸುತ್ತಿದ್ದರು. ಎದುರು ಬನ್ನಿ ಅಂತ ಕರೆಯುವುದನ್ನು ಮಾತ್ರ ನಿಲ್ಲಿಸಿದರು. ಆಕೆಯೂ ಕಾಯಲಿಲ್ಲ. ಹೊರಗೆ ಬರುವ ಮುಂಚೆ ಕಿಟಕಿಯ ಪರದೆ ಸರಿಸಿ, ಬೀದಿಯಲ್ಲಿ ಯಾರಾದರೂ ಬ್ಯಾಗು ಹಿಡಿದು ಹೊರಟಿದ್ದಾರಾ ಅಂತ ನೋಡುತ್ತಿದ್ದರು. ಹೊರಟಿದ್ದರೆ ಅವರು ತಿರುವು ದಾಟುವ ತನಕ ಒಳಗೇ ಇರುತ್ತಿದ್ದರು. ನಾನು ಸ್ಕೂಲಿಗೆ ಹೊರಡುವಾಗಲೂ ಆ ಪರದೆ ಅಲುಗಾಡುತ್ತಿತ್ತು. ಬೇಕಂತಲೇ ಗೇಟಿನ ಹತ್ತಿರ ನಿಂತು ಕೂಗುತ್ತಿದ್ದೆ. ಪರದೆ ಅಲುಗಾಡುವುದು ನಿಲ್ಲುತ್ತಿತ್ತು, ಬಾಗಿಲು ತೆರೆಯುತ್ತಿರಲಿಲ್ಲ.

ಅಷ್ಟರಲ್ಲಿ ಅಮ್ಮನಿಗೆ ಆಸ್ಟ್ರೇಲಿಯಾದ ಅಡಿಲೇಡಿನಲ್ಲಿ ಕಾಯಂ ವಾಸಕ್ಕೆ ಅನುಮತಿ ಸಿಕ್ಕಿತು. ಆ ದೇಶಕ್ಕೆ ಶಿಶುವಿಹಾರದ ಟೀಚರುಗಳು ಬೇಕಂತೆ. ಅಮ್ಮನ ಹೆಸರಿನ ಹಿಂದೆ ಅಪ್ಪನಿಗೂ ನನಗೂ ಸಿಕ್ಕಿತು. ಬೀದಿಯಲ್ಲಿ ಸುದ್ದಿ ಅರ್ಧ ಮಾತ್ರ ತಲುಪಿ, ‘ಪರ್ಮನೆಂಟ್ ಆದರಂತೆ’ ಅಂತ ಹಬ್ಬಿ, ಕಾರ್ಖಾನೆಯವರು ಅಪ್ಪನಿಗೆ ಕೈ ಕುಲುಕಿ ಸ್ವೀಟು ಕೇಳಿದರು. ಅಪ್ಪ ತಿದ್ದಲು ಹೋಗಲಿಲ್ಲ. ಅಷ್ಟು ವರ್ಷ ಕಾದಿದ್ದರು, ಒಂದು ದಿನ ಅನುಭವಿಸಲಿ ಅಂತ ನಾನೂ ಸುಮ್ಮನಿದ್ದೆ.

ನಾನಂತೂ ಸ್ಕೂಲಿನಲ್ಲಿ ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ. ಅಡಿಲೇಡಿನ ನಮ್ಮ ಮನೆಯ ಹಿತ್ತಲಲ್ಲಿ ಕಾಂಗರೂ ಇದೆ, ಹೆಸರು ಇಡುವುದು ನನ್ನ ಜವಾಬ್ದಾರಿ ಅಂತೆಲ್ಲ ಹೇಳಿದ್ದೆ. ಗೆಳತಿಯರು ಹೆಸರು ಸೂಚಿಸಿ ಜಗಳವಾಡಿಕೊಂಡರು. ಒಳಗೊಳಗೆ ನನಗೆ ಭಯ. ಆ ದೇಶದಲ್ಲಿ ನಮಗೆ ಒಬ್ಬರೂ ಗೊತ್ತಿರಲಿಲ್ಲ.

ಅಮ್ಮನಿಗೂ ಭಯವಿತ್ತು ಅಂತ ನನಗೆ ಗೊತ್ತಾದದ್ದು ಅವಳು ಮಾಣಿಕ್ಯಮ್ಮನ ಮನೆಗೆ ಹೋದ ದಿನ. ಬಾಲದ ಹಾಗೆ ನಾನೂ ಹೋಗಿದ್ದೆ. ಅಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಇಷ್ಟು ದೂರ ಹೊರಟಿದ್ದೇವೆ, ನೀವೇ ಎದುರು ಬರಬೇಕು ಅಂದಳು. ಮಾಣಿಕ್ಯಮ್ಮ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಸುಲಿಯುತ್ತಲೇ ಆಗುವುದಿಲ್ಲ ಅಂದರು. ನಮ್ಮನೇಲಿ ಯಾರೂ ಅದನ್ನೆಲ್ಲ ಲೆಕ್ಕಕ್ಕೆ ಇಟ್ಟುಕೊಳ್ಳೋದಿಲ್ಲ ಅಂತ ಅಮ್ಮ ಹಟ ಹಿಡಿದಳು.

"ನೀವು ಇಟ್ಟುಕೊಳ್ಳೋದಿಲ್ಲ ಅಂತ ಗೊತ್ತಮ್ಮಾ" ಅಂದರು ಆಕೆ, ತೆಲುಗಿನಲ್ಲಿ. "ದಾರೀಲಿ ಒಂದು ಟಯರು ಪಂಕ್ಚರಾದರೂ ನೀವು ಏನೂ ಅಂದುಕೊಳ್ಳೋದಿಲ್ಲ. ಆದರೆ ನಾನು ಅಂದುಕೊಳ್ತೀನಿ. ಅದನ್ನ ಇಟ್ಟುಕೊಂಡು ನಾನು ಇಲ್ಲಿ ಹೇಗೆ ಬದುಕಲಿ?"

ಆಕೆಯ ಸೊಸೆ ಲಾವಣ್ಯಕ್ಕ ಕಾಫಿ ತಂದಿಟ್ಟು, ಸುಮ್ಮನೆ ಅತ್ತೆಯ ಪಕ್ಕದಲ್ಲಿ ಕೂತು ಬೆಳ್ಳುಳ್ಳಿ ಸುಲಿಯಲು ಶುರು ಮಾಡಿದಳು. ಹೊರಡುವಾಗ ಮಾಣಿಕ್ಯಮ್ಮ ನಮ್ಮ ದಾರಿಯನ್ನೆಲ್ಲ ವಿಚಾರಿಸಿದರು. ವಿಜಯವಾಡದಲ್ಲಿ ಅಪ್ಪನ ಅಕ್ಕನ ಮನೆಗೆ ಹೋಗಿ, ಅಮ್ಮನ ಹರಕೆ ತೀರಿಸಿ, ಅಲ್ಲಿಂದಲೇ ವಿಮಾನ ಹತ್ತುತ್ತೇವೆ ಅಂತ ಅಮ್ಮ ಹೇಳಿದಳು. ಎಷ್ಟು ಹೊತ್ತಿಗೆ ಮನೆ ಬಿಡ್ತೀರಿ ಅಂತಲೂ ಕೇಳಿದರು, ಅದನ್ನೂ ಹೇಳಿದಳು. ಸೇರಿದ ತಕ್ಷಣ ಫೋನು ಮಾಡಿ, ಅಲ್ಲಿವರೆಗೆ ನನಗೆ ನಿದ್ದೆ ಬರಲ್ಲ ಅಂದು, ಆವಕಾಯಿ ಉಪ್ಪಿನಕಾಯಿಯ ಒಂದು ಡಬ್ಬಿ ನನ್ನ ಕೈಗೆ ಕೊಟ್ಟರು.

ಗಾಜುವಾಕದಿಂದ ಹೊರಟ ದಿನ ಬೀದಿಯವರೆಲ್ಲ ಬಂದಿದ್ದರು. ಎದುರುಮನೆಯ ಬಾಗಿಲು, ಕಿಟಕಿ ಎರಡೂ ಹಾಕಿದ್ದವು. ಲಾವಣ್ಯಕ್ಕ ಒಬ್ಬಳೇ ಗೇಟಿನಲ್ಲಿ ನಿಂತಿದ್ದಳು. ಅಮ್ಮ ಆಟೋದಲ್ಲಿ ಕೂತು ಹಿಂದೆ ತಿರುಗಿ ತಿರುಗಿ ನೋಡಿದಳು. ರೈಲು ಅನಕಾಪಲ್ಲಿ ದಾಟಿದರೂ ಅವಳು ಮಾತಾಡಲಿಲ್ಲ. ಅಪ್ಪ ವಾತಾವರಣ ತಿಳಿಗೊಳಿಸಲು ಸಮೋಸಾ ಕೊಡಿಸಿದರು. ನಾನು ವಾತಾವರಣವನ್ನು ಪೂರ್ತಿ ತಿಂದೆ.

ಭವಾನಿಪುರಂನಲ್ಲಿ ಅಪ್ಪನ ಅಕ್ಕನ ಮನೆ. ಮಾವ ಬ್ಯಾಂಕಿನಲ್ಲಿ ಆಫೀಸರು, ವರ್ಗವಾಗಿ ಅಲ್ಲಿಗೆ ಬಂದವರು. ಅತ್ತೆ ಅಲ್ಲಿಗೆ ಬಂದು ಸ್ವಲ್ಪ ದಿನಕ್ಕೇ ಅಲ್ಲಿಯವರಿಗಿಂತ ಹೆಚ್ಚಾಗಿ ಅಲ್ಲಿಯ ಪದ್ಧತಿ ಕಲಿತವರು. ಇಂದ್ರಕೀಲಾದ್ರಿ ಬೆಟ್ಟದ ದೇವಸ್ಥಾನದ ಮೆಟ್ಟಿಲು ಹತ್ತಿ ಹರಕೆ ತೀರಿಸಿ ಬಂದ ಸಂಜೆಯೇ, ಬೆಳಿಗ್ಗೆ ನಮಗೆ ಎದುರು ಬರಲು ಒಬ್ಬರನ್ನು ಬುಕ್ ಮಾಡಿದ್ದೇನೆ ಅಂತ ಅತ್ತೆ ಪ್ರಕಟಿಸಿದರು. ಮೇಲಿನ ಮಹಡಿಯ ಸುಜಾತ ಗಾರು. ಅವರ ಅರ್ಹತೆಗಳನ್ನೂ ಅತ್ತೆ ವರ್ಣಿಸಿದರು. ಗಂಡ ಗಟ್ಟಿಮುಟ್ಟು, ಮಕ್ಕಳು ರ‍್ಯಾಂಕು, ಸ್ವಂತಕ್ಕೆ ಶುಗರ್ ಕೂಡ ಇಲ್ಲ.

"ನಮ್ಮ ಮಾಣಿಕ್ಯಮ್ಮ ಬಂದಿದ್ರೆ ಸಾಕಿತ್ತು" ಅಂದಳು ಅಮ್ಮ.

"ಸುಮ್ನಿರೇ ಮಾರಾಯ್ತಿ" ಅಂದರು ಅತ್ತೆ. "ಗೊತ್ತಿದ್ದೂ ಗೊತ್ತಿದ್ದೂ ಯಾರಾದ್ರೂ ಹಂಗೆ ಮಾಡ್ತಾರೇನು?"

ಅಮ್ಮ ಎದ್ದು ಹೋಗಿ ಸೂಟ್‌ಕೇಸನ್ನು ಮತ್ತೆ ತೂಕ ಮಾಡಿದಳು. ಅದನ್ನು ಅಷ್ಟು ಸಲ ತೂಗಿದ್ದೆವು ಅಂದರೆ ತೂಗಿ ತೂಗಿಯೇ ಅದು ಒಂದು ಕಿಲೋ ಸವೆದಿತ್ತು.

ಬೆಳಿಗ್ಗೆ ಬಿಸಿಲು ಚೆನ್ನಾಗಿ ಬಿದ್ದಿತ್ತು. ಇದನ್ನು ಯಾಕೆ ಹೇಳುತ್ತಿದ್ದೇನೆ ಅಂದರೆ, ಇಂಥ ಕಥೆಗಳಲ್ಲಿ ಯಾವಾಗಲೂ ಕತ್ತಲು, ಮಂಜು, ಕರೆಂಟು ಹೋಗುವುದು ಎಲ್ಲ ಇರುತ್ತದೆ. ಇಲ್ಲಿ ಏನೂ ಇರಲಿಲ್ಲ. ಇಡ್ಲಿ ಬಂಡಿಯ ಮುಂದೆ ಜನ ನಿಂತಿದ್ದರು, ಯಾರದೋ ಟಿವಿಯಲ್ಲಿ ಸುಪ್ರಭಾತ ಮುಗಿದು ಜಾಹೀರಾತು ಶುರುವಾಗಿತ್ತು. ಮಾವ ಬ್ಯಾಂಕಿನ ಮೀಟಿಂಗು ಅಂತ ಮುಂಚೆಯೇ ಬೀಳ್ಕೊಟ್ಟು ಹೋಗಿದ್ದರು. ಗೇಟಿನ ಮುಂದೆ ಟ್ಯಾಕ್ಸಿ. ಅಮ್ಮ ಹಿಂದಿನ ಸೀಟಿನಲ್ಲಿ ಕೂತಿದ್ದಳು, ನಾನು ಬಾಗಿಲು ಹಿಡಿದು ನಿಂತಿದ್ದೆ, ಅಪ್ಪ ಡಿಕ್ಕಿ ಮುಚ್ಚುತ್ತಿದ್ದರು. ಸುಜಾತ ಗಾರು ಇನ್ನೂ ಇಳಿದಿಲ್ಲ ಅಂತ ಅತ್ತೆ ಸಿಡಿಮಿಡಿಗೊಂಡು ಅವರನ್ನು ಕರೆಯಲು ಮೇಲೆ ಹೋಗಿದ್ದರು.

ಆಗ ಚಪ್ಪಲಿ ಎಳೆಯುವ ಸದ್ದು ಕೇಳಿತು.

ಗಲ್ಲಿಯ ಆ ತುದಿ ಕೃಷ್ಣೆಯ ಕಡೆಗೆ ತೆರೆದುಕೊಳ್ಳುತ್ತದೆ. ಅಲ್ಲಿಂದ ದಪ್ಪನೆಯ ಹೆಂಗಸೊಬ್ಬರು ಸ್ಟೀಲು ಬಿಂದಿಗೆ ಹಿಡಿದು ನಮ್ಮ ಕಡೆಗೇ ಬರುತ್ತಿದ್ದರು. ಸಾಸಿವೆ ಬಣ್ಣದ ಮಂಗಳಗಿರಿ ಸೀರೆ, ಹಸಿರು ಅಂಚು. ಬಿಸಿಲು ಅವರ ಬೆನ್ನಿಗಿತ್ತು, ಮುಖ ನನಗೆ ಸರಿಯಾಗಿ ಕಾಣಲಿಲ್ಲ. ನೋಡಿದೆ ಅಂತ ಹೇಳಿದರೆ ಕಥೆ ರಂಗೇರುತ್ತದೆ ಅಂತ ಗೊತ್ತು. ಆದರೆ ನೋಡಲಿಲ್ಲ. ನಡಿಗೆ ನೋಡಿದೆ, ಎಡಗಾಲು ನೋಡಿದೆ. ಆ ನಡಿಗೆಯನ್ನು ನಾನು ಸೊಂಟದ ಮೇಲಿದ್ದಾಗಿನಿಂದ ನೋಡಿದವಳು.

ಆಕೆ ಟ್ಯಾಕ್ಸಿಯ ಹತ್ತಿರ ಬಂದಾಗ ಅಪ್ಪ ಡಿಕ್ಕಿ ಬಿಟ್ಟು ತಿರುಗಿದರು. ತಿರುಗಿದವರು ಏನು ಮಾಡಿದರು ಗೊತ್ತೇ? ಅಷ್ಟು ವರ್ಷ ಆಂಧ್ರದಲ್ಲಿದ್ದು, ಆ ಕಥೆಯನ್ನು ಅಷ್ಟು ಯುಗಾದಿ ಕೇಳಿ, ಒಂದು ಚೂರೂ ಬುದ್ಧಿ ಬಾರದವರ ಹಾಗೆ ಎರಡೂ ಕೈ ಚಾಚಿ ಬಿಂದಿಗೆ ಹಿಡಿದುಕೊಂಡರು. ನೀರು ತುಳುಕಿ ಅವರ ಮುಂಗೈ ಮೇಲೆ ಬಿತ್ತು.

"ವದಿಲೆಯ್ ಬಾಬೂ" ಅಂದರು ಆಕೆ, ಮೆಲ್ಲಗೆ. "ಈ ಬರುವು ನಾದೇ."

ಅಪ್ಪ ಕೈ ಬಿಟ್ಟರು. ಆಕೆ ನಮ್ಮನ್ನು ದಾಟಿ, ಇಡ್ಲಿ ಬಂಡಿಯನ್ನು ದಾಟಿ, ಮೂಲೆಯಲ್ಲಿ ತಿರುಗಿದರು. ಅಷ್ಟೇ. ಮಾಯವಾಗಲಿಲ್ಲ, ಹೊಗೆ ಏಳಲಿಲ್ಲ. ಎಲ್ಲರೂ ತಿರುಗುವ ಹಾಗೆ ತಿರುಗಿದರು. ನಾನು ಓಡಿಹೋಗಿ ಮೂಲೆಯಲ್ಲಿ ನೋಡಿದೆ. ಸ್ಕೂಲು ಮಕ್ಕಳ ರಿಕ್ಷಾ, ತಳ್ಳುಗಾಡಿಯ ಬಾಳೆಹಣ್ಣು, ಜನ. ಸಾಸಿವೆ ಬಣ್ಣ ಎಲ್ಲೂ ಇಲ್ಲ.

ವಾಪಸು ಬಂದಾಗ ಅತ್ತೆ ಸುಜಾತ ಗಾರನ್ನು ಎಳೆದುಕೊಂಡು ಮೆಟ್ಟಿಲು ಇಳಿಯುತ್ತಿದ್ದರು. ಅವರು ಫೋನಿನಲ್ಲಿ ಮಗಳ ಜೊತೆ ಮಾತಾಡುತ್ತಾ ಮರೆತಿದ್ದರಂತೆ, ಕೈಯಲ್ಲಿ ಅರ್ಧ ಲೋಟ ನೀರು ಇತ್ತು. "ಇನ್ನು ಬೇಡ" ಅಂದಳು ಅಮ್ಮ, ಕಾರಿನೊಳಗಿನಿಂದಲೇ. "ಎದುರು ಬಂದಾಯ್ತು." ಯಾರು ಬಂದರು ಅಂತ ಅತ್ತೆ ಕೇಳುವಷ್ಟರಲ್ಲಿ ಡ್ರೈವರು ಗಾಡಿ ಬಿಟ್ಟ.

ಕಾರು ಗನ್ನವರಂ ವಿಮಾನ ನಿಲ್ದಾಣದ ದಾರಿ ಹಿಡಿಯಿತು. ಅಪ್ಪ ಮುಂಗೈ ಒರೆಸಿಕೊಳ್ಳದೆ ಹಾಗೇ ತೊಡೆಯ ಮೇಲಿಟ್ಟುಕೊಂಡಿದ್ದರು. ನನಗೆ ಆ ಸೀರೆ ಗೊತ್ತಿತ್ತು. ಅತ್ತೆಗೆ ಹೇಳಿ ಮಂಗಳಗಿರಿಯಿಂದಲೇ ತರಿಸಿ, ಅಮ್ಮ ಒಂದು ದಸರೆಗೆ ಮಾಣಿಕ್ಯಮ್ಮನಿಗೆ ಕೊಟ್ಟದ್ದು. ಗಂಡ ತೀರಿಕೊಂಡ ಮೇಲೆ ಆಕೆ ಅದನ್ನು ಉಟ್ಟದ್ದನ್ನು ನಾವು ಯಾರೂ ನೋಡಿರಲಿಲ್ಲ. ವಿಜಯವಾಡದಲ್ಲಿ ಎರಡು ಹೆಂಗಸರಲ್ಲಿ ಒಬ್ಬರು ಮಂಗಳಗಿರಿ ಸೀರೆ ಉಡುತ್ತಾರೆ ಅಂತ ಅಪ್ಪ ಕೊನೆಗೆ ಬಾಯಿ ಬಿಟ್ಟರು. ಯಾರೋ ಪೂಜೆಗೆ ಕೃಷ್ಣೆಯ ನೀರು ಒಯ್ಯುತ್ತಿದ್ದಿರಬಹುದು ಅಂದರು.

ವಿಮಾನ ನಿಲ್ದಾಣದಲ್ಲಿ ಅಮ್ಮನ ಮುಖ ನೋಡಿದಾಗ ನನಗೆ ಅರ್ಥವಾಯಿತು. ದೂರದಲ್ಲಿರುವವರು ಹೀಗೆ ಎದುರಿಗೆ ಬಂದು ಕಂಡು ಹೋದರು ಅನ್ನುವ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆ ಕಥೆಗಳ ಕೊನೆಯಲ್ಲಿ ಒಂದು ಫೋನು ಬರುತ್ತದೆ. ಅದು ಯಾವ ಫೋನು ಅಂತ ನಿಮಗೂ ಗೊತ್ತು.

ಈಗಲೇ ಫೋನ್ ಮಾಡಿ ಕೇಳೋಣ ಅಂದರು ಅಪ್ಪ. ಬೇಡ ಅಂದಳು ಅಮ್ಮ. "ಸೇರಿದ ಮೇಲೆ ಮಾಡ್ತೀನಿ ಅಂತ ಹೇಳಿದೀನಿ. ಸೇರಿದ ಮೇಲೇ ಮಾಡೋದು." ಅವಳಿಗೆ ಕೇಳಲು ಧೈರ್ಯವಿರಲಿಲ್ಲ. ಶೌಚಾಲಯಕ್ಕೆ ಹೋಗುವ ನೆಪದಲ್ಲಿ ನಾನು ಕದ್ದು ಮಾಣಿಕ್ಯಮ್ಮನ ಮೊಬೈಲಿಗೆ ಫೋನು ಮಾಡಿದೆ. ಪೂರ್ತಿ ರಿಂಗಾಗಿ ನಿಂತುಹೋಯಿತು. ಮತ್ತೆ ಮಾಡಿದೆ. ಮತ್ತೆ ಹಾಗೇ. ಅದನ್ನು ಯಾರಿಗೂ ಹೇಳಲಿಲ್ಲ. ಆ ಪ್ರಯಾಣದಲ್ಲಿ ಮೊದಲ ಸಲ ವಿಮಾನ ಹತ್ತಿದವಳು ನಾನು. ಮೋಡದ ಮೇಲೆ ಕೂತು, ಪುಗಸಟ್ಟೆ ಜ್ಯೂಸು ಕುಡಿಯುತ್ತಾ, ಗೆಳತಿಯರಿಗೆ ಹೇಳಲು ಏನೂ ಜೋಡಿಸಿಕೊಳ್ಳಲಿಲ್ಲ. ಆ ಜ್ಯೂಸಿನ ಬಣ್ಣವೂ ನೆನಪಿಲ್ಲ.

ಅಡಿಲೇಡಿನಲ್ಲಿ ಇಳಿದಾಗ ಹಗಲು. ಸಾಲಿನಲ್ಲಿ ನಿಂತೆವು. ಅಪ್ಪ ಪಾಸ್‌ಪೋರ್ಟುಗಳನ್ನು ಇಸ್ಪೀಟೆಲೆಯ ಹಾಗೆ ಜೋಡಿಸಿ ಹಿಡಿದಿದ್ದರು. ಕೌಂಟರಿನ ಹೆಂಗಸು ಮೂರೂ ನೋಡಿ, ಕಂಪ್ಯೂಟರು ನೋಡಿ, ತಲೆ ಎತ್ತಿ ಇಂಗ್ಲಿಷಿನಲ್ಲಿ, ನಿಮ್ಮ ಮನೆಗೆ ಸ್ವಾಗತ ಅಂದರು. ಅಷ್ಟು ಹೊತ್ತು ಗಟ್ಟಿಯಾಗಿ ನಿಂತಿದ್ದ ನಮ್ಮಪ್ಪ ಅಲ್ಲೇ ಕನ್ನಡಕ ತೆಗೆದು ಒರೆಸಿಕೊಂಡರು. ಪರ್ಮನೆಂಟಾ ಅಂತ ಯಾರೂ ಕೇಳದೆಯೇ ಪರ್ಮನೆಂಟ್ ಆಗಿದ್ದರು. ಆ ಹೆಂಗಸಿಗೆ ಅದು ದಿನಾ ಹೇಳುವ ಮಾತಿರಬಹುದು. ಆದರೂ ಈಗಲೂ ಅವರನ್ನು ನೆನೆಸಿಕೊಂಡರೆ ನನಗೆ ಎದ್ದು ನಿಲ್ಲಬೇಕು ಅನಿಸುತ್ತದೆ.

ಆಮೇಲೆ ತಿಂಡಿ ತಪಾಸಣೆ. ಆ ದೇಶಕ್ಕೆ ಬಾಂಬಿಗಿಂತ ಬೀಜದ ಭಯ ಹೆಚ್ಚು. ಅಧಿಕಾರಿ ಆವಕಾಯಿ ಡಬ್ಬಿ ತೆರೆದು ಮೂಗು ಹತ್ತಿರ ಒಯ್ದ. ಅವನು ಸೀನಿದ ಸೀನಿಗೆ ಕಟ್ಟಡದ ಗಾಜು ಅಲುಗಿತು. (ಇಲ್ಲಿ ಅರ್ಧ ಕಳೆಯಿರಿ.) ಇದರಲ್ಲಿ ಯಾವ ಹುಳವೂ ಬದುಕಿರಲಾರದು ಅನ್ನುವ ಅರ್ಥದಲ್ಲಿ ಏನೋ ಹೇಳಿ, ಕಣ್ಣೊರೆಸಿಕೊಂಡು, ಡಬ್ಬಿಯನ್ನು ಗೌರವದಿಂದ ಎರಡೂ ಕೈಯಲ್ಲಿ ವಾಪಸು ಕೊಟ್ಟ.

ಹೊರಗೆ ಬಂದ ತಕ್ಷಣ ಅಮ್ಮ ಒಂದು ಕಂಬಕ್ಕೆ ಒರಗಿ ನಿಂತು ಮಾಣಿಕ್ಯಮ್ಮನಿಗೆ ಫೋನು ಮಾಡಿದಳು. ಸ್ಪೀಕರಿಗೆ ಹಾಕಿದಳು. ಎತ್ತಿದವಳು ಲಾವಣ್ಯಕ್ಕ. ನಾನೇ ಬಾಯಿ ಹಾಕಿ ಮಾಣಿಕ್ಯಮ್ಮ ಎಲ್ಲಿ ಅಂತ ಕೇಳಿದೆ. ಇಲ್ಲೇ ಇದ್ದಾರೆ, ಊಟ ಸರಿಯಾಗಿ ಮಾಡದೆ ಫೋನು ಮಡಿಲಲ್ಲಿ ಇಟ್ಟುಕೊಂಡೇ ಕೂತಿದ್ದಾರೆ, ಅದನ್ನು ಸೈಲೆಂಟಿಗೆ ಹಾಕಿಕೊಂಡಿದ್ದು ಈಗ ನೋಡಿದೆ ಅಂತ ಲಾವಣ್ಯಕ್ಕ ನಕ್ಕಳು. ಅಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು.

"ಚೇರಾರಾ ಅಮ್ಮಾ?" ಅಂದಿತು ಆ ಕಡೆಯ ದನಿ. ಸೇರಿದಿರಾ ಅಂತ.

"ಚೇರಾಮಂಡಿ" ಅಂದಳು ಅಮ್ಮ, ಸೇರಿದೆವು ಅಂತ. ಅಷ್ಟೇ ಅಂದದ್ದು. ಇದನ್ನು ದಯವಿಟ್ಟು ಗಮನಿಸಿ. ಭವಾನಿಪುರಂನ ಸುದ್ದಿಯನ್ನು ಅವಳೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ.

ದಾರಿಯಲ್ಲಿ ಏನೂ ತೊಂದರೆ ಆಗಲಿಲ್ಲ ತಾನೇ ಅಂತ ಆಕೆ ಎರಡೆರಡು ಸಲ ಕೇಳಿದರು. ಒಂದು ಟಯರೂ ಪಂಕ್ಚರಾಗಲಿಲ್ಲ ಅಂದಳು ಅಮ್ಮ. ಆಮೇಲೆ ಆಕೆ ದನಿ ತಗ್ಗಿಸಿ, ನಗಬಾರದು, ಯಾರಿಗೂ ಹೇಳಬಾರದು ಅಂದರು. ಸ್ಪೀಕರಿನಲ್ಲಿ ಇಡೀ ವಿಮಾನ ನಿಲ್ದಾಣಕ್ಕೆ ಕೇಳುತ್ತಿತ್ತು, ಆದರೆ ತೆಲುಗು.

"ನೀವು ನಿಮ್ಮ ಅತ್ತಿಗೆ ಮನೆಯಿಂದ ಹೊರಡೋ ಹೊತ್ತಿಗೆ ಟ್ರಂಕು ತೆಗೆದೆ ಕಣಮ್ಮಾ. ನೀನು ಕೊಟ್ಟ ಸೀರೆ ಉಟ್ಟುಕೊಂಡೆ. ಬಾಗಿಲು ಹಾಕಿ, ಕಿಟಕಿ ಹಾಕಿ, ಬಿಂದಿಗೆ ತುಂಬಿಸಿಕೊಂಡು ಅಡುಗೆಮನೆಯಿಂದ ಬಾಗಿಲವರೆಗೆ ನಡೆದೆ. ಯಾರ ಕಣ್ಣಿಗೂ ಬೀಳದಿದ್ದರೆ ತಪ್ಪೇನು ಅಂದುಕೊಂಡೆ."

ಅಮ್ಮ ಕೈಸನ್ನೆ ಮಾಡಿ ಅಪ್ಪನನ್ನು ಹತ್ತಿರ ಕರೆದಳು.

"ಬಾಗಿಲ ಹತ್ತಿರ ಬಂದಾಗ ಯಾರೋ ಮುಂದಿನಿಂದ ಬಿಂದಿಗೆ ಹಿಡಿದುಕೊಂಡ ಹಾಗಾಯಿತು. ನೀರು ಕಾಲ ಮೇಲೆ ಚೆಲ್ಲಿತು. ನನಗೆ ನಿಮ್ಮ ಯಜಮಾನರ ಆ ಮೊದಲನೇ ದಿನ ನೆನಪಾಯಿತು ನೋಡು, ಅರಿವಿಲ್ಲದೆ ಬಾಯಿಗೆ ಅದೇ ಬಂತು. ವದಿಲೆಯ್ ಬಾಬೂ, ಈ ಬರುವು ನಾದೇ ಅಂದೆ. ಅಂದ ಕೂಡಲೇ ಬಿಟ್ಟ ಹಾಗಾಯಿತು."

ನೆಲ ಒರೆಸಿದ್ದು ನಾನೇ, ಬಾಗಿಲವರೆಗೂ ನೀರು ಅಂತ ಲಾವಣ್ಯಕ್ಕನ ದನಿ ಹಿಂದಿನಿಂದ ಕೇಳಿತು. ಅಪ್ಪ ಟ್ರಾಲಿ ಹಿಡಿದು ನಿಂತಿದ್ದವರು ಒಂದು ಕೈ ತೆಗೆದು, ಅದನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡರು.

ಅಮ್ಮ ಆಗ ಎಲ್ಲವನ್ನೂ ಹೇಳಿದಳು. ಮಾಣಿಕ್ಯಮ್ಮ ನಂಬಲಿಲ್ಲ. ಇದು ನಿನ್ನ ಮಗಳ ಕೆಲಸ, ಅರ್ಧ ಕಳೆದು ಹೇಳು ಅಂದರು. ಅಪ್ಪ ಫೋನು ತೆಗೆದುಕೊಂಡು, ನಾನೇ ಹಿಡಿದದ್ದು ಅಮ್ಮಾ ಅಂದ ಮೇಲೆ ಮಾತ್ರ ಆಕೆ ಅತ್ತರು. ತುಂಬ ಹೊತ್ತು ಅತ್ತರು. ಅದು ದುಃಖದ ಅಳುವಲ್ಲ ಅಂತ ಅಷ್ಟು ದೂರದಿಂದಲೂ ತಿಳಿಯುತ್ತಿತ್ತು.

ನಾನು ಸುಮ್ಮನೆ ಒಪ್ಪಿಕೊಳ್ಳುವವಳಲ್ಲ. ಅಪ್ಪನ ಫೋನು ತೆಗೆದು, ಕದ್ದು ಅವರೇನಾದರೂ ಗಾಜುವಾಕಕ್ಕೆ ಹೇಳಿದ್ದಾರಾ ಅಂತ ಹುಡುಕಿದೆ. ಇಲ್ಲ. ಅತ್ತೆಯನ್ನು ವಿಚಾರಿಸಿದೆ. ಅವರು ಏನೂ ನೋಡಿರಲೇ ಇಲ್ಲ, ಮಾಣಿಕ್ಯಮ್ಮನ ನಂಬರೂ ಅವರ ಹತ್ತಿರ ಇರಲಿಲ್ಲ. ಆ ಗಲ್ಲಿಯಲ್ಲಿ ಬಿಂದಿಗೆಯಲ್ಲಿ ನೀರು ಒಯ್ಯುವ, ಎಡಗಾಲು ಎಳೆಯುವ, ಹೊಸಬರಿಗೆ ಅದೇ ಮಾತು ಹೇಳುವ ಹೆಂಗಸು ಯಾರಾದರೂ ಇದ್ದಾರಾ ಅಂತ ಅತ್ತೆ ಇಡ್ಲಿ ಬಂಡಿಯವನನ್ನೂ ಕೇಳಿದರು. ಅವನು ಆ ಹೊತ್ತಿನಲ್ಲಿ ಚಟ್ನಿ ಬಿಟ್ಟು ಬೇರೆ ಯಾವುದನ್ನೂ ನೋಡುವುದಿಲ್ಲವಂತೆ. ನಾವು ಮೂವರೂ ಒಟ್ಟಿಗೆ ಭ್ರಮಿಸಿದೆವು ಅನ್ನೋಣ ಅಂದರೆ ಅಪ್ಪ ಒಪ್ಪುವುದಿಲ್ಲ. ‘ನಾನು ಇಂಜಿನಿಯರು. ಖಾಲಿ ಬಿಂದಿಗೆ ಯಾವುದು, ತುಂಬಿದ್ದು ಯಾವುದು ಅಂತ ನನ್ನ ಕೈಗೆ ಗೊತ್ತು. ಅದು ತುಂಬಿತ್ತು’ ಅನ್ನುತ್ತಾರೆ.

ಈಗ ನಾವು ಇಲ್ಲಿಗೆ ಬಂದು ಕೆಲವು ವರ್ಷಗಳಾದವು. ಹಿತ್ತಲಲ್ಲಿ ಕಾಂಗರೂ ಇಲ್ಲ, ಪಕ್ಕದ ಮನೆಯವರ ನಾಯಿ ಇದೆ, ಅದೂ ನನ್ನ ಮಾತು ಕೇಳುವುದಿಲ್ಲ. ಅಮ್ಮನ ಶಿಶುವಿಹಾರದ ಮಕ್ಕಳು ಅವಳಿಂದ ಕನ್ನಡದಲ್ಲಿ ಬೈಸಿಕೊಂಡು ಇಂಗ್ಲಿಷಿನಲ್ಲಿ ನಗುತ್ತವೆ. ಗಾಜುವಾಕದಲ್ಲಿ ಲಾವಣ್ಯಕ್ಕ ಈ ಸುದ್ದಿಯನ್ನು ಯಾರಿಗೂ ಹೇಳಬಾರದು ಅಂತ ಆಣೆ ಹಾಕಿಸಿಕೊಂಡು ಬೀದಿಗೆಲ್ಲ ಹೇಳಿದಳು. ಆಮೇಲಿನ ಪರೀಕ್ಷೆಯ ಕಾಲದಲ್ಲಿ ಒಂದು ಬೆಳಿಗ್ಗೆ ಪಕ್ಕದ ಮನೆಯ ಹುಡುಗಿಯನ್ನು ಅವಳಮ್ಮ ಕರೆದುಕೊಂಡು ಬಂದು, ಆಂಟೀ ಎದುರು ಬರ್ತೀರಾ ಅಂತ ಗೇಟಿನಲ್ಲಿ ನಿಂತರಂತೆ. ಮಾಣಿಕ್ಯಮ್ಮ ಸಾಸಿವೆ ಬಣ್ಣದ ಸೀರೆ ಉಟ್ಟು, ಬಾಗಿಲು ಪೂರ್ತಿ ತೆರೆದು, ಹಗಲು ಬೆಳಕಿನಲ್ಲಿ ಹೊರಗೆ ಬಂದರಂತೆ. ಈಗ ಮೊದಲಿನ ಹಾಗೇ ಬಿಡುವಿಲ್ಲ. ಹುಡುಗಿ ಪಾಸಾದಳಾ ಅಂತ ಕೇಳಬೇಡಿ, ಪಾಸಾದಳು, ಅವಳು ಓದಿದ್ದಳು.

ನಮ್ಮ ಮನೆಯ ಕೆಲಸವೂ ಆಕೆಯದೇ. ಮೊನ್ನೆ ನನ್ನ ಡ್ರೈವಿಂಗ್ ಪರೀಕ್ಷೆಯ ಬೆಳಿಗ್ಗೆ ಅಮ್ಮ ಗೇಟಿನ ಮೇಲೆ ಫೋನು ನಿಲ್ಲಿಸಿ ವಿಡಿಯೋ ಕಾಲ್ ಮಾಡಿದಳು. ಅಲ್ಲಿ ಇನ್ನೂ ಸೂರ್ಯ ಹುಟ್ಟುವ ಹೊತ್ತು. ಆಕೆ ಬಿಂದಿಗೆ ಹಿಡಿದು ಬೀದಿಯ ಆ ಕಡೆಯಿಂದ ಲಾವಣ್ಯಕ್ಕನ ಫೋನಿನ ಕಡೆಗೆ ನಡೆದು ಬರುತ್ತಿದ್ದರು. ಮಧ್ಯೆ ನೆಟ್‌ವರ್ಕು ನಿಂತು, ಒಂದು ಕಾಲು ಎತ್ತಿಕೊಂಡೇ ಗಾಳಿಯಲ್ಲಿ ನಿಂತುಬಿಟ್ಟರು. ಶಕುನ ನಂಬುವುದಿಲ್ಲ ಅಂತ ನಾನು ಈಗಲೂ ಎಲ್ಲರ ಮುಂದೆ ಹೇಳುತ್ತೇನೆ. ಆದರೂ ಆಕೆಯ ಕಾಲು ನೆಲಕ್ಕೆ ತಾಗುವ ತನಕ ಗೇಟು ತೆಗೆಯಲಿಲ್ಲ.

ಚಿತ್ರ ಮತ್ತೆ ಅಲುಗಾಡಿತು. ಚಪ್ಪಲಿಯ ಸದ್ದು ಬಂತು, ಬಿಂದಿಗೆ ದೊಡ್ಡದಾಗುತ್ತಾ ಬಂದು ಪರದೆಯನ್ನೆಲ್ಲ ತುಂಬಿತು. ನನ್ನ ಪಕ್ಕದಲ್ಲಿ ನಿಂತಿದ್ದ ಅಪ್ಪನ ಕೈ ತಾನಾಗಿ ಮುಂದಕ್ಕೆ ಹೋಯಿತು. ಪರದೆಗೆ ಇನ್ನೇನು ತಾಗಬೇಕು, ಅಷ್ಟರಲ್ಲಿ ಅವರು ಅದನ್ನು ಹಿಂದಕ್ಕೆ ಎಳೆದುಕೊಂಡು ಜೇಬಿನೊಳಗೆ ಇಟ್ಟುಕೊಂಡರು.